ಮೂರು ತಪ್ಪಿಗೆ ಮುಚ್ಚುವ ಬಾಗಿಲು

ನಮ್ಮೂರಿನ ಬಾಗಿಲುಗಳಿಗೆ ಬೀಗವಿಲ್ಲ, ಚಿಲಕವಿಲ್ಲ. ತಳ್ಳಿದರೆ ಅಲುಗುವುದಿಲ್ಲ. ಮಾತಾಡಿಸಿದರೆ ತೆರೆದುಕೊಳ್ಳುತ್ತವೆ, ಅದೂ ಹೇಗೆ ಮಾತಾಡಿಸಬೇಕೆಂದು ಬರೆದಿಟ್ಟಿದೆಯೋ ಹಾಗೆ ಮಾತಾಡಿಸಿದರೆ. ಹಾಗೆ ಬರೆದಿಟ್ಟದ್ದಕ್ಕೆ ನಾವು ಒಕ್ಕಣೆ ಅನ್ನುತ್ತೇವೆ. ಪರಊರಿನವರು ಬಂದು ನೋಡಿ, ಓ, ಇದು ಸಾಫ್ಟ್‌ವೇರು, ಅನ್ನುತ್ತಾರೆ. ಏನಾದರೂ ಅನ್ನಲಿ. ಚೌಕಟ್ಟಿನ ಪಕ್ಕದ ಹಿತ್ತಾಳೆ ಪೆಟ್ಟಿಗೆಯಲ್ಲಿ ಒಕ್ಕಣೆ ಇಟ್ಟು ಮುಚ್ಚಿದರೆ ಅಲ್ಲಿಂದಾಚೆಗೆ ಆ ಬಾಗಿಲು ಅದರಂತೆಯೇ ನಡೆಯುತ್ತದೆ, ಒಂದಕ್ಷರ ಆಚೀಚೆ ಆಗದಂತೆ.

ನನ್ನ ಹೆಸರು ಸುಗಂಧಿ. ಒಕ್ಕಣೆ ಬರೆಯುವುದು ನನ್ನ ಕಸುಬು. ಚಿಕ್ಕಮ್ಮನ ಹತ್ತಿರ ಕಲಿತೆ. ನನ್ನ ಜೊತೆಗೇ ಕೂತು ಕಲಿತವನು ಧರಣೇಂದ್ರ. ಅವನಿಗೆ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಪೇಟೆ ಬೀದಿಯಲ್ಲಿ ಅವನ ಸುಲಭ ಒಕ್ಕಣೆ ಮಳಿಗೆಯಿದೆ. ಬೆಳಿಗ್ಗೆ ಹೇಳಿ ಹೋದರೆ ಮಧ್ಯಾಹ್ನದ ಊಟದೊಳಗೆ ಒಕ್ಕಣೆ ಸಿದ್ಧ. ಬೆಲೆ ಮೂವತ್ತು ರೂಪಾಯಿ. ನಾನು ಮುನ್ನೂರು ತೆಗೆದುಕೊಳ್ಳುತ್ತೇನೆ, ಹದಿನೈದು ಇಪ್ಪತ್ತು ದಿನ ಹಿಡಿಯುತ್ತೇನೆ. ಯಾಕೆಂದರೆ ಬರೆಯುವ ಮೊದಲು ಆ ಮನೆಗೆ ಹೋಗಿ ಕೂರುತ್ತೇನೆ. ಮನೆಯ ಅಜ್ಜಿಗೆ ಹಲ್ಲಿದೆಯೇ, ಮಗುವಿಗೆ ರಕಾರ ಹೊರಳುತ್ತದೆಯೇ, ಸೊಸೆ ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ಮಾತಾಡುತ್ತಾಳೆಯೇ, ನೆಗಡಿಯಾದಾಗ ಯಜಮಾನನ ದನಿ ಹೇಗಾಗುತ್ತದೆ, ಎಲ್ಲವನ್ನೂ ಕೇಳಿಸಿಕೊಳ್ಳುತ್ತೇನೆ. ಬರೆದಾದ ಮೇಲೆ ಬಾಗಿಲಿಗೆ ಹಾಕಿ ಒಬ್ಬೊಬ್ಬರನ್ನೂ ಹೊರಗೆ ನಿಲ್ಲಿಸುತ್ತೇನೆ. ಒಬ್ಬರು ಹೊರಗೇ ಉಳಿದರೂ ಹರಿದು ಹಾಕಿ ಮತ್ತೆ ಬರೆಯುತ್ತೇನೆ.

ಹಟ ಅನ್ನುತ್ತೀರಾ? ಹಟವೇ. ನಮ್ಮವರು ಉಗ್ಗುತ್ತಾರೆ. ಹೆಸರು ಈರಣ್ಣ, ಬೆತ್ತದ ಕುರ್ಚಿ ಹೆಣೆಯುತ್ತಾರೆ. ಹೆಣೆದ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಾವೇ ಮನೆಮನೆಗೆ ಮುಟ್ಟಿಸುತ್ತಾರೆ. ಧರಣೇಂದ್ರನ ಒಕ್ಕಣೆಗಳಿಗೆ ಐದು ಪದ ಹೇಳಬೇಕು, ಒಂದರ ಹಿಂದೆ ಒಂದು, ನಡುವೆ ತಡೆಯುವ ಹಾಗಿಲ್ಲ. ಮೂರು ಸಲ ತಪ್ಪಿದರೆ ಬಾಗಿಲು ಕಳ್ಳ ಬಂದನೆಂದು ತಿಳಿದು ಅರ್ಧ ಗಂಟೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಒಳಗಿನವರು ಕರೆದರೂ ಕೇಳದು. ಹೀಗೆ ಎಷ್ಟು ಬಾಗಿಲು ನಮ್ಮವರ ಮುಖದೆದುರು ಮುಚ್ಚಿಕೊಂಡಿವೆಯೋ ಲೆಕ್ಕವಿಲ್ಲ. ಹಾಗಾದಾಗ ಕುರ್ಚಿಯನ್ನು ಕೆಳಗಿಳಿಸಿ ಬೀದಿಯಲ್ಲಿ ಅದರ ಮೇಲೆಯೇ ಕೂತು ಕಾಯುತ್ತಿದ್ದರು. "ಗ-ಗಟ್ಟಿ ಇದೆಯಾ ಅಂತ ನೋಡಿದ ಹಾಗಾಯ್ತು," ಅನ್ನುತ್ತಿದ್ದರು ಮನೆಗೆ ಬಂದು. ನಗುತ್ತಲೇ ಅನ್ನುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ನನ್ನ ಹತ್ತಿರ ಗಿರಾಕಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದರು. ಜನ ಸಿಕ್ಕಲ್ಲೆಲ್ಲ ನನ್ನ ಒಕ್ಕಣೆಯನ್ನು ಹೊಗಳುತ್ತಿದ್ದರು. ಸುಗಂಧಮ್ಮನ ಬಾಗಿಲು ಅಂದರೆ ಬಾಗಿಲು, ಹನ್ನೆರಡು ವರ್ಷ ಆಯ್ತು, ಒಂದು ದಿನ ಸತಾಯಿಸಿಲ್ಲ, ಅನ್ನುತ್ತಿದ್ದರು. ಹೊಗಳಿ ಸೀದಾ ಧರಣೇಂದ್ರನ ಮಳಿಗೆಗೆ ಹೋಗುತ್ತಿದ್ದರು. "ಬಾಗಿಲು ಅಂದಮೇಲೆ ಅಷ್ಟೋ ಇಷ್ಟೋ ಸತಾಯಿಸುತ್ತೆ ಕಣಮ್ಮ," ಎಂದು ಒಬ್ಬಾಕೆ ನನಗೇ ಬುದ್ಧಿ ಹೇಳಿದಳು. ಹೊರಗೆ ನಿಲ್ಲುವುದು ಅವರಿಗೆಲ್ಲ ಅಭ್ಯಾಸವಾಗಿಹೋಗಿತ್ತು. ಕೆಲವರು ಮನೆ ಮುಂದೆ ಕಲ್ಲುಬೆಂಚು ಕಟ್ಟಿಸಿಕೊಂಡಿದ್ದರು, ಕಾಯುವುದಕ್ಕೆ. ಬೆಂಚಿಗೆ ಕೊಟ್ಟ ದುಡ್ಡಿನಲ್ಲಿ ನನ್ನ ಒಕ್ಕಣೆ ಎರಡು ಬರುತ್ತಿತ್ತು.

ಹೀಗಿರುವಾಗ ಪುರಸಭೆಯವರು ಊರಿನ ಹೆರಿಗೆ ಮನೆಗೆ ಹೊಸ ಒಕ್ಕಣೆ ಬೇಕೆಂದು ಕರೆ ಕೊಟ್ಟರು. ಹಳೆಯದು ಚಿಕ್ಕಮ್ಮ ಬರೆದದ್ದು, ಕಾಗದ ಪುಡಿಯಾಗುತ್ತಿತ್ತು. ನಾನೂ ಹೋದೆ, ಧರಣೇಂದ್ರನೂ ಬಂದ. ಅಧ್ಯಕ್ಷ ಶೇಷಗಿರಿರಾಯರು ಒಳ್ಳೆಯ ಮನುಷ್ಯರೇ, ಯಾರ ಮೇಲೂ ಸಿಟ್ಟು ಮಾಡಿದವರಲ್ಲ. ಎರಡೂ ಬೆಲೆಗಳನ್ನು ನೋಡಿ ಕನ್ನಡಕ ತೆಗೆದರು.

"ಸುಗಂಧಮ್ಮ, ಎರಡೂ ಬಾಗಿಲು ತೆರೆಯುತ್ತವೆ ತಾನೆ?"

"ಇವನದು ಹೇಳೋದು ಹೇಳಿದರೆ ತೆರೆಯುತ್ತೆ, ಸ್ವಾಮಿ. ನೋವು ತಿನ್ನುತ್ತಾ ಬಂದವಳು ಐದು ಪದ ಹೊಂದಿಸಿ ಹೇಳ್ತಾಳಾ?"

"ಜೊತೆಗೆ ಬಂದವರು ಹೇಳ್ತಾರಮ್ಮ."

"ಜೊತೆಗೆ ಬಂದವರು ಉಗ್ಗುವವರಾದರೆ?"

ಅಲ್ಲಿದ್ದ ಸದಸ್ಯರು ಮುಖ ಮುಖ ನೋಡಿಕೊಂಡರು. ಅಧ್ಯಕ್ಷರು ಮೆತ್ತಗೆ ಅಂದರು, "ನಿಮ್ಮ ಸಂಕಟ ನನಗೆ ಅರ್ಥವಾಗುತ್ತೆ. ಆದರೆ ಊರಲ್ಲಿ ಉಗ್ಗುವವರು ಎಷ್ಟು ಮಂದಿ? ಒಬ್ಬರಿಗೋಸ್ಕರ ಊರೆಲ್ಲ ಹತ್ತುಪಟ್ಟು ಕೊಡಬೇಕೇನಮ್ಮ?"

ಸೂಲಗಿತ್ತಿ ಮಾಳವ್ವನನ್ನು ಯಾರೂ ಕರೆಸಿರಲಿಲ್ಲ. ಆ ಬಾಗಿಲಲ್ಲಿ ಮೂವತ್ತು ವರ್ಷದಿಂದ ಹಗಲೂ ರಾತ್ರಿ ಓಡಾಡುತ್ತಿದ್ದವಳು ಅವಳೊಬ್ಬಳೇ. ನಾನು ಅವಳನ್ನು ಕೇಳಿ ಅಂದೆ. ಆಗಲಿ, ಕೇಳೋಣ, ಅಂದರು. ಮರುದಿನ ಧರಣೇಂದ್ರನ ಒಕ್ಕಣೆ ಪೆಟ್ಟಿಗೆಯೊಳಗೆ ಕೂತಿತ್ತು. ತಾಯಿ ಬಂದಿದ್ದಾಳೆ ದಯಮಾಡಿ ಬಾಗಿಲು ತೆರೆಯಿರಿ, ಎಂದು ಹೇಳಬೇಕು. ಚೆಂದದ ಅಕ್ಷರದಲ್ಲಿ ಹಲಗೆಯ ಮೇಲೆ ಬರೆಸಿ ತೂಗುಹಾಕಿದ್ದರು. ಓದು ಬರುವವರಿಗೆ ಅನುಕೂಲವಾಗಿತ್ತು.

ಎರಡು ತಿಂಗಳಾಗಿರಬೇಕು. ಆ ದಿನ ನಾನು ಅಲ್ಲಿರಲಿಲ್ಲ. ನಮ್ಮವರೂ ಮಾಳವ್ವನೂ ಬಿಡಿಬಿಡಿಯಾಗಿ ಹೇಳಿದ್ದನ್ನು ಕೂಡಿಸಿ ಹೇಳುತ್ತಿದ್ದೇನೆ.

ಹೊತ್ತು ನೆತ್ತಿಗೇರಿತ್ತು. ಬಳೆಗಾರರ ಓಣಿಯ ರುಕ್ಸಾನಾಗೆ ದಿನ ತುಂಬುವ ಮೊದಲೇ ನೋವು ಬಂದಿದೆ. ಗಂಡ ಸುಣ್ಣದ ಗೂಡಿಗೆ ಕೆಲಸಕ್ಕೆ ಹೋಗಿದ್ದ. ಕಾಯುವಷ್ಟು ಸಮಯವಿಲ್ಲವೆಂದು ಗೋಡೆ ಹಿಡಿದುಕೊಂಡು ಒಬ್ಬಳೇ ಹೆರಿಗೆ ಮನೆಗೆ ಬಂದಳು. ತಾಯಿ ಬಂದಿದ್ದಾಳೆ ಅನ್ನುವುದರೊಳಗೆ ಒಂದು ನೋವು ಬಂತು. ಬಾಗಿಲಿನ ಪೆಟ್ಟಿಗೆ ಠಣ್ ಅಂದಿತು, ಒಂದು ತಪ್ಪು. ಸುಧಾರಿಸಿಕೊಂಡು ಮತ್ತೆ ಹೇಳಿದಳು. ದಯಮಾಡಿ ಅನ್ನುವಲ್ಲಿ ಉಸಿರು ಕಟ್ಟಿತು. ಎರಡು. ಅವಳು ಮೆಟ್ಟಿಲ ಮೇಲೆ ಕುಸಿದಳು.

ಆಗ ನಮ್ಮವರು ಎರಡು ಕುರ್ಚಿ ಹೊತ್ತುಕೊಂಡು ಆ ಬೀದಿಗೆ ಬಂದದ್ದು. ಕುರ್ಚಿ ಎಸೆದು ಓಡಿಬಂದರು. ರುಕ್ಸಾನಾ ಬಾಗಿಲಿನ ಕಡೆ ಕೈ ತೋರಿಸಿದಳು, "ಹೇಳಿ ಅಣ್ಣ, ನೀವು ಹೇಳಿ." ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ತಮಗೆ ಆಗದೆಂದು ಅವರಿಗೆ ಗೊತ್ತಿತ್ತು. ಆದರೂ ಕಣ್ಣು ಮುಚ್ಚಿ, ಎದೆ ಗಟ್ಟಿ ಮಾಡಿ, "ತಾ-ತಾಯಿ ಬಂ-" ಅನ್ನುವಷ್ಟರಲ್ಲಿ ಪೆಟ್ಟಿಗೆ ಮತ್ತೆ ಠಣ್ ಅಂದಿತು. ಮೂರು. ಬಾಗಿಲು ಮುಚ್ಚಿಕೊಂಡಿತು. ಹಿತ್ತಲ ಬಾಗಿಲೂ ಅದೇ ಒಕ್ಕಣೆಯದು, ಅದೂ ಮುಚ್ಚಿಕೊಂಡಿತು.

ಒಳಗೆ ಮಾಳವ್ವ ಆಗಷ್ಟೇ ಒಬ್ಬಳ ಹೆರಿಗೆ ಮುಗಿಸಿದ್ದಳು. ಕೂಗು ಕೇಳಿ ಓಡಿಬಂದು ಐದು ಪದವನ್ನೂ ಸ್ಪಷ್ಟವಾಗಿ ಹೇಳಿದಳು. ಬಾಗಿಲು ಕದಲಲಿಲ್ಲ. ಕದಕ್ಕೆ ಬಾಯಿ ಹಚ್ಚಿ ಕೇಳಿದಳು, "ಯಾರದು ಹೊರಗೆ?"

"ಈ-ಈರಣ್ಣ."

"ಈರಣ್ಣಾ, ಕೇಳಿಸಿಕೋ. ಅರ್ಧ ಗಂಟೆ ಇದು ತೆರೆಯಲ್ಲ. ಅವಳು ಅಲ್ಲಿವರೆಗೆ ತಡೆಯಲ್ಲ. ನೀನೇ ಹಿಡೀಬೇಕು. ಮೊದಲು ಅವಳನ್ನ ನೆರಳಿಗೆ ಎಳೆದು ಒರಗಿಸು. ಹೆಗಲ ಮೇಲೆ ಪಂಚೆ ಇದೆಯಾ? ಹಾಸು."

ಹಾಸಿದರು.

"ತಲೆ ಕಾಣ್ತಿದೆಯಾ?"

ಅವರಿಗೆ ಮಾತು ಸಿಕ್ಕಿಹಾಕಿಕೊಂಡಿತು. ಕಾ, ಕಾ, ಅನ್ನುತ್ತಿದ್ದಾರೆ, ಮುಂದಕ್ಕೆ ಹೋಗುತ್ತಿಲ್ಲ. ಕದದ ಆ ಕಡೆಯಿಂದ ಮಾಳವ್ವ ಅಂದಳಂತೆ, "ಅವಸರ ಬೇಡಪ್ಪ. ನಾನೆಲ್ಲಿಗೂ ಹೋಗಲ್ಲ. ನಿನ್ನ ಮಾತು ಮುಗಿಯೋವರೆಗೂ ಇಲ್ಲೇ ಇರ್ತೀನಿ. ಹೇಳು."

"ಕಾ-ಕಾಣ್ತಿದೆ."

"ಭೇಷ್. ಎಳೀಬೇಡ. ಕೈ ಕೊಡು ಅಷ್ಟೆ. ಅದೇ ಬರುತ್ತೆ."

"ಕ-ಕತ್ತಿಗೆ... ಬ-ಬಳ್ಳಿ... ಸುತ್ತಿದೆ."

ಮಾಳವ್ವ, ಬೇಳೆ ಬೆಂದಿದೆಯಾ ನೋಡು ಅನ್ನುವಷ್ಟು ನಿರಾಳವಾಗಿ ಅಂದಳಂತೆ, "ಸಡಿಲ ಇದೆಯಾ ನೋಡು. ಬೆರಳು ತೂರುತ್ತಾ? ಬೆತ್ತ ಹೆಣೆಯೋ ಕೈ ನಿಂದು, ಗಂಟು ಬಿಡಿಸೋದು ನಿನಗೆ ಹೇಳಿಕೊಡಬೇಕಾ? ಬೆರಳು ತೂರಿಸಿ ತಲೆ ಮೇಲಿಂದ ದಾಟಿಸು. ನಿಧಾನ."

ದಾಟಿಸಿದರು. ಕೂಸು ಅತ್ತಿತು. ಹೆಣ್ಣುಮಗು. ರುಕ್ಸಾನಾಳ ಮೈಯಿಂದ ರಕ್ತ ಹೋಗುತ್ತಲೇ ಇತ್ತು. ಒತ್ತು, ಹೊಟ್ಟೆ ತೀಡು, ಎಂದು ಮಾಳವ್ವ ಹೇಳುತ್ತ, ಕದಕ್ಕೆ ಗುದ್ದುತ್ತ ಇರುವಾಗಲೇ ಅರ್ಧ ಗಂಟೆ ತುಂಬಿತು. ಬಾಗಿಲು ತನ್ನಷ್ಟಕ್ಕೆ ತೆರೆದುಕೊಂಡಿತು, ಏನೂ ನಡೆದೇ ಇಲ್ಲವೆಂಬಂತೆ.

ಯಾರೋ ಹೇಳಿ ನಾನು ಓಡಿಹೋಗುವಷ್ಟರಲ್ಲಿ ತಾಯಿ ಮಗು ಒಳಗಿದ್ದರು, ಉಳಿದಿದ್ದರು. ನಮ್ಮವರು ಮೆಟ್ಟಿಲ ಮೇಲೆ ರಕ್ತದ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದರು. ಎರಡು ದಿನ ಬೆತ್ತ ಮುಟ್ಟಲಿಲ್ಲ. ಮೂರನೆಯ ದಿನ ಊಟದ ತಟ್ಟೆ ಸರಿಸಿ ಅಂದರು, "ಆ ಮೂ-ಮೂರನೇ ತಪ್ಪು ನಂದು, ಸುಗಂಧಿ."

ನಾನು ಹುಳಿಯ ಪಾತ್ರೆಯನ್ನು ನೆಲಕ್ಕೆ ಕುಕ್ಕಿದೆ. "ಹಾಗಂತ ಇನ್ನೊಂದು ಸಲ ಅಂದ್ರೆ ನೋಡಿ. ನಿಮ್ಮ ಮಾತು ಕೇಳಿಸಿಕೊಳ್ಳೋಕೆ ಮಾಳವ್ವನಿಗೆ ತಾಳ್ಮೆ ಇತ್ತು, ಬಾಗಿಲಿಗೆ ಇರಲಿಲ್ಲ. ತಾಳ್ಮೆ ಬರೆಯೋಕೆ ದಿನ ಹಿಡಿಯುತ್ತೆ ಅಂತ ಬರೆದವನು ಬಿಟ್ಟ. ಬೆಲೆ ಜಾಸ್ತಿ ಆಗುತ್ತೆ ಅಂತ ಕೊಂಡವರೂ ಬಿಟ್ಟರು. ತಪ್ಪು ಅವರದು. ನಿಮ್ಮದು ಯಾವ ತಪ್ಪೂ ಇಲ್ಲ."

ಆ ವಾರ ನಮ್ಮ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರಿನ ಯಜಮಾನರೆಲ್ಲ ಬಂದರು. ಅನ್ಯಾಯ ಅಂದರು, ಇನ್ನು ಮೇಲೆ ನಿಮ್ಮದೇ ಒಕ್ಕಣೆ ಅಂದರು, ಬೆಲೆ ಕೇಳಿದರು. ಮುನ್ನೂರು ಅಂದೆ. ಮುಂದಿನ ತಿಂಗಳು ನೋಡೋಣ ಅಂದರು. ಅಷ್ಟರಲ್ಲಿ ಧರಣೇಂದ್ರ ಹೆರಿಗೆ ಮನೆಯ ಒಕ್ಕಣೆಯಲ್ಲಿ ಮೂರು ತಪ್ಪನ್ನು ಆರಕ್ಕೆ ಏರಿಸಿದ, ಅದೂ ಪುಕ್ಕಟೆಯಾಗಿ. ಪುರಸಭೆಯವರು ಅವನಿಗೆ ಧನ್ಯವಾದ ಹೇಳಿ ಕಾಗದ ಕೊಟ್ಟರು. ಜಗಲಿ ಮತ್ತೆ ಖಾಲಿಯಾಯಿತು.

ನಾನು ಸೋತೆ ಅಂದುಕೊಂಡೆ. ಜನಕ್ಕೆ ಬೇಡವಾದ ಮೇಲೆ ನಾನೊಬ್ಬಳು ಯಾಕೆ ಬಡಿದಾಡಲಿ ಅಂದೆ. ನಮ್ಮವರು ಕುರ್ಚಿಯ ಬೆನ್ನು ಹೆಣೆಯುತ್ತಿದ್ದರು. ತಲೆ ಎತ್ತದೆ, ತಡೆದು ತಡೆದು ಹೇಳಿದರು. ಬೆಲೆ ಕೇಳಲು ಬಂದವರಲ್ಲಿ ಒಬ್ಬರನ್ನೂ ತಾವು ಬಾಗಿಲ ಹೊರಗೆ ಕಾಯುತ್ತ ಕೂತಾಗ ಕಂಡಿಲ್ಲ. ಅಲ್ಲಿ ತಮ್ಮ ಜೊತೆ ಕೂತು ಕಾಯುವವರು ನೀರು ಹೊತ್ತು ಬಂದ ಸೊಸೆಯರು, ಹಲ್ಲು ಬಿದ್ದ ಮುದುಕಿಯರು, ಶಾಲೆ ಬಿಟ್ಟ ಮಕ್ಕಳು. ಯಜಮಾನ ಬಂದರೆ ಒಳಗಿನಿಂದ ಯಾರಾದರೂ ಓಡಿಬಂದು ತೆರೆಯುತ್ತಾರೆ. "ನೀನು ಕೇ-ಕೇಳಬೇಕಾದವರನ್ನ ಕೇಳಿಲ್ಲ," ಅಂದರು.

ನಾನು ಎದ್ದು ಸೆರಗು ಕೊಡವಿಕೊಂಡು ಮಾಳವ್ವನ ಹತ್ತಿರ ಹೋದೆ. ಅವಳು ಆಗಲೇ ನನಗಿಂತ ಮುಂದೆ ಹೋಗಿದ್ದಳು. ಹೆರಿಗೆ ಮನೆಯ ಮುಂದೆ ಹದಿನೈದಿಪ್ಪತ್ತು ಹೆಂಗಸರಿದ್ದರು. ಬಾಗಿಲು ತೆರೆದಿದ್ದಾಗಲೇ ಕೀಲುಗಳಿಗೆ ಹಾರೆ ಹಾಕಿ ಮೀಟಿ ಕದವನ್ನು ಕಳಚಿದ್ದರು. ಹಿಂದಿನದೂ ಹಾಗೆಯೇ. ಎರಡೂ ಕದಗಳನ್ನು ಹೊತ್ತುಕೊಂಡು ಪೇಟೆ ಬೀದಿಯಲ್ಲೇ ನಡೆದು ಪುರಸಭೆಯ ಅಂಗಳಕ್ಕೆ ಹೋಗಿ ಅಧ್ಯಕ್ಷರ ಕೋಣೆಯ ಎದುರು ಒರಗಿಸಿದೆವು. ನಾನೂ ಒಂದು ಮೂಲೆ ಹೊತ್ತಿದ್ದೆ. ಮಾಳವ್ವ ಹೆರಿಗೆ ಮನೆಗೆ ತನ್ನ ಸೀರೆಯನ್ನೇ ಪರದೆ ಕಟ್ಟಿ ಬಂದಿದ್ದಳು.

ಶೇಷಗಿರಿರಾಯರು ಹೊರಗೆ ಬಂದು ಗಾಬರಿಯಾದರು. "ಮಾಳವ್ವ, ಏನಿದು? ಕದವಿಲ್ಲದೆ ಹೆರಿಗೆ ಮನೆ ಇರುತ್ತಾ? ಯಾರು ಬೇಕಾದರೂ ನುಗ್ಗಬಹುದಲ್ಲ!"

"ಮೂವತ್ತು ವರ್ಷದಲ್ಲಿ ಹೆರಿಗೆ ಮನೆಗೆ ಒಬ್ಬ ಕಳ್ಳ ಬಂದಿದ್ದು ನಾ ಕಾಣೆ, ಸ್ವಾಮಿ. ಸೀರೆ ಕಟ್ಟಿದೀನಿ. ಅದು ತಪ್ಪು ಎಣಿಸಲ್ಲ."

"ಆರಕ್ಕೆ ಏರಿಸಿದ್ದೇವಲ್ಲಮ್ಮ?"

"ಆರು ಸಲ ಕೂಗಿ ತೋರಿಸಿ ನೋಡುವ, ಹೊಟ್ಟೆ ಹಿಡಕೊಂಡು," ಅಂದಳು ಮಾಳವ್ವ. ಹೆಂಗಸರು ನಗಲಿಲ್ಲ. ಅಧ್ಯಕ್ಷರು ಪುರಸಭೆಯಲ್ಲಿ ಅಷ್ಟು ದುಡ್ಡಿಲ್ಲ ಅಂದರು. "ನಿಮ್ಮದು ಇಟ್ಟುಕೊಳ್ಳಿ. ನಾವು ಕೇಳಿಲ್ಲ," ಅಂದಳು. ಅಲ್ಲಿಂದ ನೇರ ಬಳೆಗಾರರ ಓಣಿಗೆ, ಅಲ್ಲಿಂದ ಗಾಣದ ಬೀದಿಗೆ, ಅಲ್ಲಿಂದ ಕುಂಬಾರಗೇರಿಗೆ ಹೋದಳು. ತನ್ನ ಕೈಯಲ್ಲಿ ಹೆತ್ತವರ ಮನೆ ಯಾವುದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಕ್ಕಿ ಡಬ್ಬದಿಂದ, ದೇವರ ಪಟದ ಹಿಂದಿನಿಂದ, ಸೆರಗಿನ ಗಂಟಿನಿಂದ ದುಡ್ಡು ಬಂತು. ರುಕ್ಸಾನಾ ಮೊದಲು ಕೊಟ್ಟಳಂತೆ. ಮೂರು ದಿನದಲ್ಲಿ ನನ್ನ ಮುಂದೆ ತಂದು ಸುರಿದು ಮಾಳವ್ವ ಅಂದಳು, "ಕಮ್ಮಿ ಮಾಡು ಅಂತ ಕೇಳಲ್ಲ. ಬೇಗ ಕೊಡು ಅಂತಲೂ ಕೇಳಲ್ಲ. ಸರಿಯಾಗಿ ಬರಿ."

ಇಪ್ಪತ್ತೆಂಟು ದಿನ ಹಿಡಿಯಿತು. ಹೆರಿಗೆ ಮನೆಯ ಮೂಲೆಯಲ್ಲಿ ಕೂತು ಹೆಂಗಸರ ಉಸಿರು ಕೇಳಿದೆ, ನರಳಿಕೆ ಕೇಳಿದೆ. ಬಯ್ಗುಳವನ್ನೂ ಕೇಳಿದೆ, ಅದು ಬೇಕಾದಷ್ಟಿತ್ತು. ಎಲ್ಲವನ್ನೂ ಬರೆದೆ. ಯಾವ ದನಿಯಲ್ಲಿ ಕರೆದರೂ, ಕರೆಯದೆ ಬರೀ ಕದಕ್ಕೆ ಒರಗಿದರೂ, ಬಾಗಿಲು ತೆರೆಯಬೇಕು. ಎಷ್ಟು ಸಲ ತಪ್ಪಿದರೂ ಕಾಯಬೇಕು. ಹೆಂಗಸರು ಕದಗಳನ್ನು ವಾಪಸ್ಸು ಹೊತ್ತು ತಂದು ಕೂರಿಸಿದರು. ಒಕ್ಕಣೆ ಹಾಕಿದ ದಿನ ನಮ್ಮವರನ್ನು ಮೊದಲು ಹೊರಗೆ ನಿಲ್ಲಿಸಿದೆ. "ಏನ್ ಹೇ-ಹೇಳಲಿ?" ಅಂದರು. ಅವರು ಅದನ್ನು ಕೇಳಿ ಮುಗಿಸುವಷ್ಟರಲ್ಲಿ ಬಾಗಿಲು ತೆರೆದಿತ್ತು.

ಇದಾದ ಮೇಲೆ ಒಂದು ಸಂಜೆ ಧರಣೇಂದ್ರ ಮನೆಗೆ ಬಂದ. ಬೆಲ್ಲದ ಕಾಫಿ ಕುಡಿದ, ಚಿಕ್ಕಮ್ಮನ ಕಾಲದ ಮಾತಾಡಿದ. ಆಮೇಲೆ ಅಂದ, "ನೋಡು ಸುಗಂಧಿ, ನಿನ್ನ ಹೆಸರು ಈಗ ಓಡ್ತಿದೆ. ನನ್ನ ಒಕ್ಕಣೆ ಮೇಲೆ ನಿನ್ನ ಮುದ್ರೆ ಹಾಕೋಣ. ನೂರಕ್ಕೆ ಮಾರೋಣ. ಅರ್ಧ ನಿಂಗೆ, ಅರ್ಧ ನಂಗೆ."

"ಒಳಗೆ ಬರೆಯೋದು?"

"ಈಗ ಬರೆಯೋದೇ. ಪೆಟ್ಟಿಗೆ ಮುಚ್ಚಿದ ಮೇಲೆ ಒಳಗೇನಿದೆ ಅಂತ ಯಾರಿಗೆ ಕಾಣುತ್ತೆ ಹೇಳು? ಜನ ಜಾಸ್ತಿ ಕೊಡೋದು ಹೆಸರಿಗೆ. ಒಳಗಿನ ಅಕ್ಷರಕ್ಕೆ ಯಾವನೂ ಕೊಡಲ್ಲ. ನಾನೇನು ಬರೆಯೋಕೆ ಬರದೆ ಹೀಗೆ ಬರೀತೀನಾ? ನಿನ್ನ ಹಾಗೆ ಬರೆದು ಮೊದಲ ವರ್ಷ ಉಪವಾಸ ಇದ್ದೆ. ನಿಂಗೆ ಗೊತ್ತಿಲ್ಲ."

ಅದು ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಅವನ ಮಾತಿನಲ್ಲಿ ಹುರುಳೂ ಇತ್ತು. ಕೊಳ್ಳುವ ಹೊತ್ತಿಗೆ ಮೂವತ್ತರದೂ ಮುನ್ನೂರರದೂ ಒಂದೇ ಥರದ ಕಾಗದ. ರಾತ್ರಿಯೆಲ್ಲ ಯೋಚಿಸಿ ಹೇಳ್ತೀನಿ ಅನ್ನಬಹುದಿತ್ತು. ಅಲ್ಲೇ ಹೇಳಿದೆ, "ಒಳಗಿರೋದು ಕಾಣಲ್ಲ ಅಂದ್ಯಲ್ಲ, ಕಾಣೋ ಹಾಗೆ ಮಾಡ್ತೀನಿ. ಇನ್ನು ಮೇಲೆ ನನ್ನ ಒಕ್ಕಣೆಗೆ ಮೊದಲೇ ದುಡ್ಡು ಬೇಡ. ಒಂದು ತಿಂಗಳು ಬಾಗಿಲಲ್ಲಿ ಇರಲಿ. ಆಮೇಲೆ ಮುನ್ನೂರು ಕೊಡಲಿ, ಇಲ್ಲಾಂದ್ರೆ ನಾನೇ ಬಂದು ಕಳಚಿಕೊಂಡು ಹೋಗ್ತೀನಿ. ನನ್ನ ಮುದ್ರೆ ಮಾತ್ರ ನಿನ್ನ ಕಾಗದದ ಮೇಲೆ ಬೀಳಲ್ಲ."

"ಹಾಳಾಗಿ ಹೋಗ್ತೀಯ," ಅಂದ ಧರಣೇಂದ್ರ, ಸಿಟ್ಟಿನಿಂದಲ್ಲ.

ಹತ್ತು ದಿನಕ್ಕೆ ಪುರಸಭೆಯಿಂದ ನೋಟೀಸು ಬಂತು. ಸಾರ್ವಜನಿಕ ಬಾಗಿಲುಗಳು ತಪ್ಪು ಎಣಿಸತಕ್ಕದ್ದು, ಆರು ತಪ್ಪಾದರೆ ಮುಚ್ಚತಕ್ಕದ್ದು, ಹೆರಿಗೆ ಮನೆಯ ಒಕ್ಕಣೆಯನ್ನು ವಾರದೊಳಗೆ ತಿದ್ದದಿದ್ದರೆ ನನ್ನ ಪರವಾನಗಿ ರದ್ದು, ಎಂದು. ನಾನು ಕೆಳಗೆ ಬರೆದು ಕಳಿಸಿದೆ: ಆ ಬಾಗಿಲು ಎಣಿಸುವುದಿಲ್ಲ, ನಾನು ತಿದ್ದುವುದಿಲ್ಲ. ಪರವಾನಗಿ ಹೋಯಿತು. ಒಕ್ಕಣೆ ಕೀಳಲು ಬಂದ ಪುರಸಭೆಯ ನೌಕರನನ್ನು ಮಾಳವ್ವ ಹೆಸರು ಹಿಡಿದು ಕರೆದು, ಅವನು ಹುಟ್ಟುವಾಗ ಅವರಮ್ಮ ಎಷ್ಟು ಹೊತ್ತು ನರಳಿದಳೆಂದು ಹೇಳಿದಳಂತೆ. ಅವನು ಪೆಟ್ಟಿಗೆ ಮುಟ್ಟದೆ ವಾಪಸ್ಸು ಹೋದ. ಆಮೇಲೆ ಯಾರೂ ಬರಲಿಲ್ಲ.

ಪರವಾನಗಿ ಇಲ್ಲದೆಯೇ ಬರೆಯುತ್ತಿದ್ದೇನೆ. ತಿಂಗಳಾದ ಮೇಲೆ ಎಲ್ಲರೂ ಕೊಟ್ಟರು ಅಂದರೆ ಸುಳ್ಳಾಗುತ್ತದೆ. ಒಂಬೈನೂರು ಮನೆಯ ಊರಿನಲ್ಲಿ ನನ್ನ ಒಕ್ಕಣೆ ಎಪ್ಪತ್ತು ಮನೆಯಲ್ಲಿದೆ. ಕೆಲವರು ಕಳಚಿಕೊಂಡು ಹೋಗಿ ಅಂದರು, ಕಳಚಿ ತಂದೆ. ಮೂವತ್ತರದನ್ನೇ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದಾರೆ. ಒಂದು ಮನೆಯಲ್ಲಿ ಯಜಮಾನ ಕಳಚು ಅಂದ. ಹೆಂಡತಿ ಕದಕ್ಕೆ ಅಡ್ಡ ನಿಂತು, ಕಳಚಿದರೆ ನಾಳೆಯಿಂದ ನೀರು ತರೋದು ನೀವೇ, ಅಂದಳು. ಅವನು ಒಳಗೆ ಹೋಗಿ ದುಡ್ಡು ತಂದ.

ನಿನ್ನೆ ಬೆಳಿಗ್ಗೆ ಒಬ್ಬಾತ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ. ಬೆಲೆ ಕೇಳಿದ. ಹೇಳಿದೆ.

"ಅಷ್ಟೊಂದಾ?"

"ಅಷ್ಟೇ."

"ಪೇಟೆಯಲ್ಲಿ ಮೂವತ್ತಕ್ಕೆ ಕೊಡ್ತಾರಲ್ಲ?"

"ಕೊಡ್ತಾರೆ. ಮಳಿಗೆ ಇಷ್ಟೊತ್ತಿಗೆ ತೆರೆದಿರುತ್ತೆ, ಹೋಗಿ."

ಅವನು ಚಪ್ಪಲಿಗೆ ಕಾಲು ಹಾಕುತ್ತಿದ್ದ. ಹಿಂದೆ ಅವನ ತಾಯಿ ನಿಂತಿದ್ದಳು, ಬೆನ್ನು ಬಾಗಿದ ಮುದುಕಿ. ಬಾಯಲ್ಲಿ ಒಂದೂ ಹಲ್ಲಿಲ್ಲ. ಮಗನನ್ನು ದಾಟಿಕೊಂಡು ಜಗಲಿ ಹತ್ತಿ ನಮ್ಮವರು ಹೆಣೆದ ಕುರ್ಚಿಯಲ್ಲಿ ಕೂತಳು. ಅವಳು ಏನೋ ಅಂದಳು, ನನಗೆ ತಿಳಿಯಲಿಲ್ಲ. ಮಗ ವಿವರಿಸಲು ಬಾಯಿ ತೆರೆದ. ಅವಳು ಕೈ ಎತ್ತಿ ತಡೆದಳು. ನಾನು ಅವಳ ಮುಂದೆ ನೆಲದ ಮೇಲೆ ಕೂತೆ.

"ಇನ್ನೊಂದು ಸಲ ಹೇಳಿ ಅಜ್ಜಿ. ಎಷ್ಟು ಹೊತ್ತಾದರೂ ಪರವಾಗಿಲ್ಲ."

ಮುದುಕಿ ಸೊಂಟದ ಸಂಚಿಯನ್ನು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. ಎಲೆಅಡಿಕೆ ಸರಿಸಿ ಅದರಡಿಯಿಂದ ನೋಟುಗಳನ್ನು ತೆಗೆದಳು. ತಿಂಗಳಾದ ಮೇಲೆ ಸಾಕು ಅಂದೆ. ಈಗಲೇ ಇಟ್ಟುಕೋ, ಎಂದು ನನ್ನ ಕೈಗೆ ತುರುಕಿ ಮತ್ತೆ ಹೇಳಿದಳು. ಈ ಸಲ ನನಗೆ ಪೂರಾ ತಿಳಿಯಿತು.

"ನಾನು ಏನೂ ಹೇಳಲ್ಲ. ನಮ್ಮನೆ ಬಾಗಿಲಿಗೆ ನಾನ್ಯಾಕೆ ಹೇಳಬೇಕು? ನಾನು ಬಂದೆ ಅಂತ ಅದಕ್ಕೆ ಗೊತ್ತಾಗಬೇಕು. ಹಾಗೆ ಬರಿ."